ಕ್ಯಾನ್ಸರ್ ರಕ್ತಪರೀಕ್ಷೆಗಳ ಅತಿಬಳಕೆ: ವಿದ್ಯುನ್ಮಾನ ಆರೋಗ್ಯ ದಾಖಲೆಗಳಿಂದ ಅದನ್ನು ಗುರುತಿಸಿ, ಅಳೆದು, ಗಮನದಲ್ಲಿಡುವ ಸಮಗ್ರ ಮಾರ್ಗದರ್ಶಿ

ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ವಸ್ತು) ಪರೀಕ್ಷೆಗೆ ಬೇಕಾಗುವುದು ಒಂದು ಸಣ್ಣ ನಳಿಕೆಯಷ್ಟು ರಕ್ತ, ಅದನ್ನು ಬರೆಯಲು ಬೇಕಾಗುವುದು ಪರದೆಯ ಮೇಲೆ ಒಂದು ಟಿಕ್ ಗುರುತು. ಅತಿಬಳಕೆಗೆ ಈ ಸುಲಭತೆಯೇ ಮೊದಲ ಕಾರಣ. ಸಿಇಎ (ಕರುಳು), ಎಎಫ್‌ಪಿ (ಲಿವರ್, ವೃಷಣ), ಸಿಎ-125 (ಅಂಡಾಶಯ), ಸಿಎ 19-9 (ಮೇದೋಜೀರಕ ಗ್ರಂಥಿ), ಸಿಎ 15-3 (ಸ್ತನ), ಪಿಎಸ್‌ಎ (ಪ್ರಾಸ್ಟೇಟ್) ಮುಂತಾದ ಪರೀಕ್ಷೆಗಳು ಸರಿಯಾದ ರೋಗಿಗೆ ಸರಿಯಾದ ಹೊತ್ತಿನಲ್ಲಿ ಮಾಡಿದಾಗ ಚಿಕಿತ್ಸೆಯ ದಿಕ್ಕನ್ನೇ ನಿರ್ಧರಿಸುತ್ತವೆ. ಆದರೆ ಯಾವ ಲಕ್ಷಣವೂ ಇಲ್ಲದವರಿಗೆ, 'ಒಮ್ಮೆ ನೋಡಿಬಿಡೋಣ' ಎಂಬ ಭಾವದಿಂದ ಮಾಡಿದಾಗ, ಅವು ಉತ್ತರಕ್ಕಿಂತ ಹೆಚ್ಚಾಗಿ ಭಯವನ್ನೂ ಮತ್ತಷ್ಟು ತಪಾಸಣೆಗಳನ್ನೂ ತರುತ್ತವೆ.

ಇದರ ಹಿಂದಿನ ಲೆಕ್ಕ ಸರಳವಾದುದು. ಒಂದು ಕ್ಯಾನ್ಸರ್ 2,000 ಜನರಲ್ಲಿ ಒಬ್ಬರಿಗೆ ಇದೆ ಎಂದು ಭಾವಿಸೋಣ. ಪರೀಕ್ಷೆಯು ರೋಗವಿರುವವರಲ್ಲಿ ಶೇ. 80 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ. 95 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ ಎಂದಿಟ್ಟುಕೊಳ್ಳೋಣ. 20,000 ಜನರನ್ನು ಪರೀಕ್ಷಿಸಿದರೆ ರೋಗವಿರುವ 10 ಮಂದಿಯಲ್ಲಿ 8 ಮಂದಿ ಸಿಗುತ್ತಾರೆ. ಜೊತೆಗೆ ರೋಗವಿಲ್ಲದ ಸುಮಾರು 1,000 ಮಂದಿಯ ವರದಿಯಲ್ಲೂ ಅಸಹಜ ಎಂಬ ಗುರುತು ಬೀಳುತ್ತದೆ. ಪಾಸಿಟಿವ್ ಬಂದ ನೂರು ಜನರಲ್ಲಿ ಒಬ್ಬರಿಗೂ ರೋಗವಿರುವುದಿಲ್ಲ ಎಂಬಷ್ಟು ಈ ಪ್ರಮಾಣ ಕಡಿಮೆ. ಪ್ಯಾಕೇಜ್ ಹೆಸರಿನಲ್ಲಿ ಇಂಥ ಆರು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದರೆ, ಅವು ಒಂದನ್ನೊಂದು ಅವಲಂಬಿಸದಿದ್ದಲ್ಲಿ, ಆರೋಗ್ಯವಂತರೊಬ್ಬರಿಗೆ ಕನಿಷ್ಠ ಒಂದು ಅಸಹಜ ಫಲಿತಾಂಶ ಬರುವ ಸಂಭವ ಶೇ. 26ನ್ನು ದಾಟುತ್ತದೆ.

ಇದು ಕಾಗದದ ಮೇಲಿನ ಆತಂಕವಲ್ಲ. ಅಮೆರಿಕದಲ್ಲಿ 78,216 ಮಹಿಳೆಯರನ್ನು ಒಳಗೊಂಡು ನಡೆದು 2011ರಲ್ಲಿ ಪ್ರಕಟವಾದ ಪಿಎಲ್‌ಸಿಒ ಅಧ್ಯಯನದಲ್ಲಿ, ಸಿಎ-125 ಮತ್ತು ಅಲ್ಟ್ರಾಸೌಂಡ್ ತಪಾಸಣೆಯಿಂದ ಅಂಡಾಶಯ ಕ್ಯಾನ್ಸರ್ ಸಾವುಗಳು ಕಡಿಮೆಯಾಗಲಿಲ್ಲ. ಬದಲಿಗೆ ಸುಳ್ಳು ಪಾಸಿಟಿವ್ ಬಂದ 3,285 ಮಹಿಳೆಯರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು, ಅವರಲ್ಲಿ ಶೇ. 15ರಷ್ಟು ಮಂದಿಗೆ ಕನಿಷ್ಠ ಒಂದು ಗಂಭೀರ ತೊಡಕು ಉಂಟಾಯಿತು. ಅತಿಬಳಕೆಯನ್ನು ಗಮನದಲ್ಲಿಡುವ ಕೆಲಸ ಪ್ರಯೋಗಾಲಯದ ಖರ್ಚು ಉಳಿಸುವುದಕ್ಕಷ್ಟೇ ಅಲ್ಲ ಎನ್ನಲು ಈ ಅಂಕಿಗಳೇ ಸಾಕು.

ಈ ಮಾರ್ಗದರ್ಶಿಯನ್ನು ಆಸ್ಪತ್ರೆಯ ಗುಣಮಟ್ಟ ವಿಭಾಗ, ಪ್ರಯೋಗಾಲಯ ಅಥವಾ ದತ್ತಾಂಶ ತಂಡದಲ್ಲಿ ಕೆಲಸ ಮಾಡುವವರಿಗಾಗಿ ಬರೆಯಲಾಗಿದೆ.

ಮೊದಲ ಹೆಜ್ಜೆ: ಅತಿಬಳಕೆ ಎಂದರೇನು ಎಂಬುದನ್ನು ಬರೆದಿಡಿ

ದತ್ತಾಂಶವನ್ನು ಮುಟ್ಟುವ ಮೊದಲು ಈ ಕೆಲಸ ಮುಗಿದಿರಬೇಕು. ಎಷ್ಟು ಪರೀಕ್ಷೆಗಳಾದವು ಎಂಬ ಎಣಿಕೆಯಿಂದ ಅತಿಬಳಕೆ ತಿಳಿಯುವುದಿಲ್ಲ. ಕ್ಯಾನ್ಸರ್ ರೋಗಿಗಳು ಹೆಚ್ಚಾಗಿ ಬರುವ ಆಸ್ಪತ್ರೆಯಲ್ಲಿ ಪರೀಕ್ಷೆಗಳು ಹೆಚ್ಚಾಗಿರುವುದು ಸಹಜ. ಪ್ರತಿ ಪರೀಕ್ಷೆಯನ್ನೂ ಯಾವ ಪ್ರಶ್ನೆಗೆ ಉತ್ತರ ಬಯಸಿ ಮಾಡಲಾಯಿತು ಮತ್ತು ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಆ ಪರೀಕ್ಷೆಗೆ ಇದೆಯೇ ಎಂಬುದೇ ಅಳತೆಗೋಲು. ಆದ್ದರಿಂದ ಪರೀಕ್ಷೆ, ಕಾರಣ, ಸಮಯ ಈ ಮೂರನ್ನೂ ಸೇರಿಸಿ ಒಂದು ಘಟಕವೆಂದು ನೋಡಬೇಕು.

ಪ್ರತಿ ಮಾರ್ಕರ್‌ಗೂ ಪ್ರತ್ಯೇಕ ನಿಯಮ ಬರೆಯಿರಿ. ಉದಾಹರಣೆಗೆ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡನೆಯ ಅಥವಾ ಮೂರನೆಯ ಹಂತದ ರೋಗಿಗೆ 3ರಿಂದ 6 ತಿಂಗಳಿಗೊಮ್ಮೆ ಐದು ವರ್ಷಗಳ ಕಾಲ ಸಿಇಎ ಮಾಡುವುದು ಅಂಗೀಕೃತ ಕ್ರಮ; ಅದೇ ಸಿಇಎಯನ್ನು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಬಳಸುವಂತಿಲ್ಲ, ಏಕೆಂದರೆ ಧೂಮಪಾನ ಮಾತ್ರದಿಂದಲೂ ಅದು ಏರುತ್ತದೆ. ಲಿವರ್ ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಜೊತೆಗೆ ಎಎಫ್‌ಪಿ ಮಾಡುವುದು ಸರಿಯಾದ ಬಳಕೆ. ಸಿಎ-125ಕ್ಕೆ ಸಾಮಾನ್ಯ ಮಿತಿ ಪ್ರತಿ ಮಿಲಿಲೀಟರ್‌ಗೆ 35 ಯೂನಿಟ್. ಎಂಡೊಮೆಟ್ರಿಯೋಸಿಸ್, ಮುಟ್ಟು, ಗರ್ಭಧಾರಣೆ, ಹೊಟ್ಟೆಯಲ್ಲಿ ನೀರು ತುಂಬುವುದು, ಹೃದಯ ವೈಫಲ್ಯ ಇವೆಲ್ಲವೂ ಅದನ್ನು ಏರಿಸುತ್ತವೆ. ಹಾಗೆಂದು ಲಕ್ಷಣವಿದ್ದಾಗ ಅದನ್ನು ತಪ್ಪು ಎನ್ನಲಾಗದು: ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿಯು ಪದೇ ಪದೇ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವಿಕೆ, ಕೆಳಹೊಟ್ಟೆ ನೋವು ಇರುವ ಮಹಿಳೆಯರಿಗೆ, ವಿಶೇಷವಾಗಿ 50 ದಾಟಿದವರಿಗೆ, ಈ ಪರೀಕ್ಷೆಯನ್ನೇ ಸೂಚಿಸುತ್ತದೆ. ಸಿಎ 19-9ರ ಮಟ್ಟ ಪಿತ್ತನಾಳ ಕಟ್ಟಿಕೊಂಡ ಕಾಮಾಲೆಯಲ್ಲಿ ಕ್ಯಾನ್ಸರ್ ಇಲ್ಲದೆಯೂ ವಿಪರೀತ ಏರುತ್ತದೆ. ಇನ್ನೊಂದೆಡೆ ಲೂಯಿಸ್ ಆಂಟಿಜೆನ್ (ರಕ್ತದ ಗುಂಪಿನಂತೆ ಹುಟ್ಟಿನಿಂದ ಬರುವ ಗುಣ) ಇಲ್ಲದ ಶೇ. 5ರಿಂದ 10ರಷ್ಟು ಜನರಲ್ಲಿ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಗುಣಪಡಿಸುವ ಉದ್ದೇಶದ ಚಿಕಿತ್ಸೆ ಪಡೆದು ಲಕ್ಷಣಗಳಿಲ್ಲದೆ ಇರುವ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಮಾರ್ಕರ್ ಪರೀಕ್ಷೆಗಳಿಂದ ನಿಗಾ ಇಡಬಾರದೆಂದು ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿಯು 2012ರಲ್ಲೇ 'ಚೂಸಿಂಗ್ ವೈಸ್ಲಿ' ಅಭಿಯಾನದಡಿ ಹೇಳಿದೆ.

ಮರುಪರೀಕ್ಷೆಯ ಅಂತರಕ್ಕೂ ಎಲ್ಲಕ್ಕೂ ಹೊಂದುವ ಒಂದೇ ಅಳತೆ ಇಲ್ಲ. ರಕ್ತದಲ್ಲಿ ಎಎಫ್‌ಪಿ ಅರ್ಧಕ್ಕಿಳಿಯಲು 5ರಿಂದ 7 ದಿನ ಬೇಕು; ವೃಷಣದ ಗೆಡ್ಡೆ ತೆಗೆದ ನಂತರ ಈ ಇಳಿಕೆಯ ವೇಗವನ್ನೇ ವೈದ್ಯರು ನೋಡುವುದರಿಂದ ಅಲ್ಲಿ ವಾರಕ್ಕೊಮ್ಮೆ ಪರೀಕ್ಷೆ ಮಾಡುವುದು ನ್ಯಾಯವಾದುದು. ವಾರಕ್ಕೊಮ್ಮೆ ಮಾಡಿದ ಸಿಇಎಗೆ ಆ ಸಮರ್ಥನೆ ಸಿಗುವುದು ತೀರಾ ಅಪರೂಪ.

ಈ ನಿಯಮಗಳನ್ನು ದತ್ತಾಂಶ ತಂಡ ಒಂಟಿಯಾಗಿ ಬರೆಯಬಾರದು. ಒಬ್ಬ ಕ್ಯಾನ್ಸರ್ ತಜ್ಞ, ಒಬ್ಬ ಪ್ರಯೋಗಾಲಯ ವೈದ್ಯ, ಒಬ್ಬ ಸಾಮಾನ್ಯ ವೈದ್ಯ ಇಷ್ಟು ಜನರಾದರೂ ಕುಳಿತು ಪ್ರತಿ ಸಾಲನ್ನೂ ಒಪ್ಪಿರಬೇಕು. ಮುಂದೆ ಯಾರಾದರೂ ವರದಿಯನ್ನು ಪ್ರಶ್ನಿಸಿದಾಗ ಈ ಒಪ್ಪಿಗೆಯೇ ಆಧಾರ.

ಎರಡನೆಯ ಹೆಜ್ಜೆ: ಪರೀಕ್ಷೆಗಳನ್ನು ದಾಖಲೆಯಿಂದ ತೆಗೆಯುವುದು

ಪರೀಕ್ಷೆಯ ಹೆಸರನ್ನು ನಂಬಿ ಹುಡುಕಿದರೆ ಅರ್ಧದಷ್ಟು ದಾಖಲೆಗಳು ತಪ್ಪಿಹೋಗಬಹುದು. ಒಂದೇ ಪರೀಕ್ಷೆ 'ಸಿಎ125', 'ಸಿಎ-125', 'ಓವೇರಿಯನ್ ಮಾರ್ಕರ್' ಎಂದು ಮೂರು ರೂಪದಲ್ಲಿ ಇರುವುದು ಸಾಮಾನ್ಯ. ಲೋಯಿಂಕ್ (ಪ್ರಯೋಗಾಲಯ ಪರೀಕ್ಷೆಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿ) ಸಂಕೇತಗಳಿದ್ದರೆ ಅವುಗಳಿಂದ ಆರಂಭಿಸಿ: ಸಿಇಎಗೆ 2039-6, ಎಎಫ್‌ಪಿಗೆ 1834-1, ಸಿಎ-125ಕ್ಕೆ 10334-1, ಸಿಎ 19-9ಕ್ಕೆ 24108-3, ಸಿಎ 15-3ಕ್ಕೆ 6875-9, ಒಟ್ಟು ಪಿಎಸ್‌ಎಗೆ 2857-1. ಆನಂತರ ಪ್ರಯೋಗಾಲಯದ ಸ್ಥಳೀಯ ಪಟ್ಟಿಯನ್ನು ತರಿಸಿಕೊಂಡು, ಸಂಕೇತವಿಲ್ಲದೆ ಉಳಿದ ಹೆಸರುಗಳನ್ನು ಕೈಯಾರೆ ಹೊಂದಿಸಿ.

ಪ್ರತಿ ಪರೀಕ್ಷೆಗೂ ರೋಗಿಯ ಗುರುತು ಮರೆಮಾಚಿದ ಸಂಖ್ಯೆ, ವಯಸ್ಸು, ಲಿಂಗ, ಆರ್ಡರ್ ಆದ ಸಮಯ, ರಕ್ತ ತೆಗೆದ ಸಮಯ, ಫಲಿತಾಂಶ ಬಂದ ಸಮಯ, ಮೌಲ್ಯ ಮತ್ತು ಅಳತೆಮಾನ, ಆರ್ಡರ್ ಮಾಡಿದ ವಿಭಾಗ, ಅದು ಒಂಟಿಯಾಗಿ ಬಂತೋ ಪ್ಯಾಕೇಜಿನ ಭಾಗವಾಗಿ ಬಂತೋ ಎಂಬ ಮಾಹಿತಿ ಬೇಕು. ಕೊನೆಯದನ್ನು ಬಹಳಷ್ಟು ತಂಡಗಳು ಬಿಟ್ಟುಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಅತಿಬಳಕೆಯ ಮೂಲವನ್ನು ತೋರಿಸುವ ಅತ್ಯಂತ ಮುಖ್ಯ ಕಾಲಂ ಅದೇ. ವೈದ್ಯರು ಯೋಚಿಸಿ ಬರೆದ ಪರೀಕ್ಷೆಗೂ, ಪಟ್ಟಿಯಲ್ಲಿ ಮೊದಲೇ ಟಿಕ್ ಆಗಿದ್ದ ಪರೀಕ್ಷೆಗೂ ಪರಿಹಾರಗಳು ಬೇರೆ ಬೇರೆ.

ಶುದ್ಧೀಕರಣದ ಹಂತದಲ್ಲಿ ಎಚ್ಚರ ಬೇಕಾದ ಕಡೆಗಳಿವೆ. ರದ್ದಾದ ಆರ್ಡರ್‌ಗಳನ್ನು ತೆಗೆದುಹಾಕಿ. ಪ್ರಯೋಗಾಲಯವು ಅದೇ ಮಾದರಿಯನ್ನು ಎರಡನೇ ಬಾರಿ ಓಡಿಸಿದ್ದರೆ ಅದನ್ನು ಮರುಪರೀಕ್ಷೆ ಎಂದು ಎಣಿಸಬೇಡಿ. ಮಾದರಿ ಸಂಖ್ಯೆ ಒಂದೇ ಆಗಿದ್ದರೆ ಒಂದೇ ಪರೀಕ್ಷೆ. ಗರ್ಭಿಣಿಯರಲ್ಲಿ ಭ್ರೂಣದ ದೋಷ ಪತ್ತೆಗೆಂದು ಮಾಡುವ ಎಎಫ್‌ಪಿಯನ್ನು ಬೇರ್ಪಡಿಸದಿದ್ದರೆ ನಿಮ್ಮ ಇಡೀ ಎಎಫ್‌ಪಿ ಅಂಕಿ ಅರ್ಥ ಕಳೆದುಕೊಳ್ಳುತ್ತದೆ. ಮಾರ್ಕರ್ ಆಗಿಯೂ ಬಳಕೆಯಾಗುವ ಗರ್ಭದ ಹಾರ್ಮೋನ್ ಬೀಟಾ ಎಚ್‌ಸಿಜಿಯಲ್ಲಂತೂ ಬಹುಪಾಲು ಪರೀಕ್ಷೆಗಳು ಗರ್ಭ ಖಚಿತಪಡಿಸಿಕೊಳ್ಳಲೆಂದೇ ಇರುವುದರಿಂದ, ಮೊದಲ ಸುತ್ತಿನಲ್ಲಿ ಅದನ್ನು ಸಂಪೂರ್ಣ ಹೊರಗಿಡುವುದು ಜಾಣತನ.

ಮೂರನೆಯ ಹೆಜ್ಜೆ: ಕಾರಣವನ್ನು ಹುಡುಕುವುದು

ಇಡೀ ಕೆಲಸದ ಕಷ್ಟವೆಲ್ಲ ಇಲ್ಲಿದೆ. ಪರೀಕ್ಷೆ ಏಕೆ ಬರೆಯಲಾಯಿತು ಎಂಬುದನ್ನು ದಾಖಲೆ ನೇರವಾಗಿ ಹೇಳುವುದು ಅಪರೂಪ. ಸುತ್ತಲಿನ ಕುರುಹುಗಳಿಂದ ಊಹಿಸಬೇಕು. ರೋಗನಿರ್ಣಯದ ಐಸಿಡಿ-10 ಸಂಕೇತಗಳು, ಸಮಸ್ಯೆಗಳ ಪಟ್ಟಿ, ಬಯಾಪ್ಸಿ ವರದಿ, ಸ್ಕ್ಯಾನ್ ವರದಿ, ಕ್ಯಾನ್ಸರ್ ವಿಭಾಗದ ಭೇಟಿ, ಕೀಮೋಥೆರಪಿ ಔಷಧಗಳು, ಆರ್ಡರ್‌ನಲ್ಲಿ ಬರೆದ ಟಿಪ್ಪಣಿ ಇವೆಲ್ಲವೂ ಸಾಕ್ಷ್ಯಗಳು.

ಹಿಂದಕ್ಕೆ ಎಷ್ಟು ದೂರ ನೋಡಬೇಕೆಂಬುದನ್ನು ಸಾಕ್ಷ್ಯದ ಬಗೆಯನ್ನು ನೋಡಿ ನಿರ್ಧರಿಸಿ. ಕ್ಯಾನ್ಸರ್ ಇತಿಹಾಸಕ್ಕೆ ರೋಗಿಯ ಲಭ್ಯ ದಾಖಲೆಯನ್ನೆಲ್ಲ ನೋಡಬೇಕು. ಹೊಟ್ಟೆನೋವಿನಂಥ ಲಕ್ಷಣಕ್ಕೆ ಪರೀಕ್ಷೆಯ ಹಿಂದಿನ 3ರಿಂದ 6 ತಿಂಗಳು ಸಾಕು. ಅದಕ್ಕಿಂತ ಮುಖ್ಯವಾದುದು ಕಾಲಕ್ರಮ. ಪರೀಕ್ಷೆಯ ನಂತರ ದಾಖಲಾದ ರೋಗನಿರ್ಣಯವು ಆ ಪರೀಕ್ಷೆಗೆ ಸಮರ್ಥನೆಯಾಗಲಾರದು; ಪರೀಕ್ಷೆ ಅದೃಷ್ಟವಶಾತ್ ರೋಗವನ್ನು ಹಿಡಿದಿದ್ದರೂ, ಬರೆದ ಕ್ಷಣದಲ್ಲಿ ವೈದ್ಯರಿಗೆ ಏನು ತಿಳಿದಿತ್ತು ಎಂಬುದರ ಮೇಲೆಯೇ ನಿರ್ಣಯ ನಿಲ್ಲಬೇಕು.

ಕ್ಯಾನ್ಸರ್ ಸಂಕೇತವೊಂದು ದಾಖಲೆಯಲ್ಲಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದು ತಿಳಿಯಬೇಡಿ. ಅನುಮಾನ ಪರಿಹರಿಸಿಕೊಳ್ಳಲು ಮಾಡಿದ ಪರೀಕ್ಷೆಗೂ ಎಷ್ಟೋ ಬಾರಿ ಸಿ56, ಅಂದರೆ ಅಂಡಾಶಯ ಕ್ಯಾನ್ಸರ್, ಎಂಬ ಸಂಕೇತವನ್ನೇ ಹಾಕಿಬಿಡುತ್ತಾರೆ. ಬೇರೆ ಬೇರೆ ದಿನಾಂಕಗಳಲ್ಲಿ ಕನಿಷ್ಠ ಎರಡು ಬಾರಿ ಆ ಸಂಕೇತ ಬಂದಿರಬೇಕು, ಇಲ್ಲವೇ ಬಯಾಪ್ಸಿ ವರದಿ ಅಥವಾ ಕ್ಯಾನ್ಸರ್ ಚಿಕಿತ್ಸೆ ಅದನ್ನು ಬೆಂಬಲಿಸಬೇಕು ಎಂಬ ನಿಯಮ ಇಟ್ಟುಕೊಂಡರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಒಂದು ಕಲ್ಪಿತ ದಾಖಲೆಯನ್ನು ಹತ್ತಿರದಿಂದ ನೋಡೋಣ. 44 ವರ್ಷದ ಮಹಿಳೆ. ಮಾರ್ಚ್ 3ರಂದು ಸಿಎ-125 ಫಲಿತಾಂಶ 52. ಆರ್ಡರ್ ಆಗಿದ್ದು ಆರೋಗ್ಯ ತಪಾಸಣೆಯ ಪ್ಯಾಕೇಜಿನಿಂದ, ಅದೇ ನಿಮಿಷದಲ್ಲಿ ಇನ್ನೂ 21 ಪರೀಕ್ಷೆಗಳು ದಾಖಲಾಗಿವೆ. ಹಿಂದಿನ ಆರು ತಿಂಗಳಲ್ಲಿ ಹೊಟ್ಟೆಗೆ ಸಂಬಂಧಿಸಿದ ಯಾವ ಸಂಕೇತವೂ ಇಲ್ಲ. ಮಾರ್ಚ್ 9ರಂದು ಸಮಸ್ಯೆಗಳ ಪಟ್ಟಿಗೆ ಸಿ56 ಸೇರಿದೆ. ಮಾರ್ಚ್ 11ರಂದು ಅಲ್ಟ್ರಾಸೌಂಡ್, 20ರಂದು ಸಿಟಿ ಸ್ಕ್ಯಾನ್, ಏಪ್ರಿಲ್ 6ರಂದು ಮತ್ತೆ ಸಿಎ-125: 31. ಆ ನಂತರ ಸಿ56 ಮತ್ತೆಲ್ಲೂ ಕಾಣುವುದಿಲ್ಲ. ಕಾಲಕ್ರಮ ನೋಡದ ಅಲ್ಗಾರಿದಮ್ ಈ ಎರಡೂ ಪರೀಕ್ಷೆಗಳನ್ನು 'ಅಂಡಾಶಯ ಕ್ಯಾನ್ಸರ್ ರೋಗಿಯ ನಿಗಾ' ಎಂದು ಸರಿಯಾದ ಬಳಕೆಯ ಬುಟ್ಟಿಗೆ ಹಾಕುತ್ತದೆ. ಕಾಲಕ್ರಮ ನೋಡಿದರೆ ಮೊದಲನೆಯದು ಕಾರಣವಿಲ್ಲದ ಪರೀಕ್ಷೆ, ಎರಡನೆಯದು ಅದರ ಪರಿಣಾಮ, ನಡುವಿನ ಎರಡು ಸ್ಕ್ಯಾನ್‌ಗಳು ಅದೇ ಸರಪಳಿಯ ಕೊಂಡಿಗಳು. ಆ ಐದು ವಾರ ಆ ಮಹಿಳೆಯ ನಿದ್ದೆ ಹೇಗಿತ್ತೆಂಬುದಕ್ಕೆ ದಾಖಲೆಯಲ್ಲಿ ಕಾಲಂ ಇಲ್ಲ.

ವರ್ಗೀಕರಣಕ್ಕೆ ಎರಡಲ್ಲ, ಮೂರು ಬುಟ್ಟಿಗಳು ಬೇಕು: ಕಾರಣ ಸಿಕ್ಕಿದೆ, ಕಾರಣವಿಲ್ಲವೆಂದು ತೋರುತ್ತದೆ, ನಿರ್ಧರಿಸಲಾಗದು. ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಇಲ್ಲಿ ರಕ್ತ ಕೊಡಲು ಮಾತ್ರ ಬಂದವರ ದಾಖಲೆ ಖಾಲಿಯಾಗಿಯೇ ಇರುತ್ತದೆ. ಅವರನ್ನು ಅತಿಬಳಕೆಗೆ ಸೇರಿಸುವುದು ಅನ್ಯಾಯ. ದಾಖಲಾಗದ ಕಾರಣವನ್ನು ಇಲ್ಲದ ಕಾರಣವೆಂದು ಹೇಳಿಬಿಡುವುದೇ ಇಂಥ ವರದಿಗಳ ಅತಿ ದೊಡ್ಡ ತಪ್ಪು, ಮತ್ತು ವೈದ್ಯರ ವಿಶ್ವಾಸವನ್ನು ಒಮ್ಮೆಗೇ ಕಳೆದುಕೊಳ್ಳುವ ದಾರಿಯೂ ಹೌದು.

ನಾಲ್ಕನೆಯ ಹೆಜ್ಜೆ: ಕಡತ ತೆರೆದು ಪರಿಶೀಲಿಸುವುದು

ಅಲ್ಗಾರಿದಮ್ 'ಕಾರಣವಿಲ್ಲ' ಎಂದ ಪರೀಕ್ಷೆಗಳಿಂದ 100, 'ಕಾರಣವಿದೆ' ಎಂದವುಗಳಿಂದ 100 ಯಾದೃಚ್ಛಿಕವಾಗಿ ಆರಿಸಿ, ಇಬ್ಬರು ವೈದ್ಯರು ಪರಸ್ಪರ ಮಾತಾಡದೆ, ಅಲ್ಗಾರಿದಮ್‌ನ ಉತ್ತರವನ್ನೂ ನೋಡದೆ, ಪೂರ್ಣ ಕಡತ ಓದಿ ತೀರ್ಪು ಕೊಡಲಿ. ಇಬ್ಬರ ನಡುವಿನ ಸಹಮತವನ್ನು ಕಪ್ಪಾ ಅಂಕದಿಂದ (ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಸಹಮತವನ್ನು ತೋರಿಸುವ ಅಂಕ) ಅಳೆಯಿರಿ. ಅದು ಕಡಿಮೆ ಬಂದರೆ ದೋಷ ಓದಿದವರದ್ದಲ್ಲ, ಮೊದಲ ಹೆಜ್ಜೆಯಲ್ಲಿ ಬರೆದ ನಿಯಮ ಸ್ಪಷ್ಟವಾಗಿಲ್ಲ ಎಂದರ್ಥ, ಅಲ್ಲಿಗೆ ಹಿಂದಿರುಗಿ. ನೂರರಲ್ಲಿ 82ರಷ್ಟನ್ನು ವೈದ್ಯರೂ ಕಾರಣವಿಲ್ಲದ್ದೆಂದು ಒಪ್ಪಿದರೆ, ನಿಜವಾದ ನಿಖರತೆ ಸರಿಸುಮಾರು ಶೇ. 73ರಿಂದ 88ರ ನಡುವೆ ಇದೆ ಎಂದು ತಿಳಿಯಬೇಕು, ಮತ್ತು ಈ ವ್ಯಾಪ್ತಿಯನ್ನು ಪ್ರತಿ ವರದಿಯಲ್ಲೂ ನಮೂದಿಸಬೇಕು. ತಪ್ಪಾದ 18 ಕಡತಗಳನ್ನು ಒಂದೊಂದಾಗಿ ಓದಿ. ಟಿಪ್ಪಣಿಯಲ್ಲಿದ್ದು ಸಂಕೇತದಲ್ಲಿಲ್ಲದ ಲಕ್ಷಣಗಳು, ಕುಟುಂಬದ ಇತಿಹಾಸ, ಹೊರಗಿನ ಸ್ಕ್ಯಾನ್ ವರದಿ ಇವೇ ಸಾಮಾನ್ಯವಾಗಿ ಎದುರಾಗುತ್ತವೆ. ಪರೀಕ್ಷೆಯ ಹೆಸರುಗಳು ಅಥವಾ ದಾಖಲೆ ತಂತ್ರಾಂಶ ಬದಲಾದಾಗಲೆಲ್ಲ ಈ ಪರಿಶೀಲನೆಯನ್ನು ಮರಳಿ ಮಾಡಬೇಕಾಗುತ್ತದೆ.

ಐದನೆಯ ಹೆಜ್ಜೆ: ಅಳತೆಗಳು ಮತ್ತು ನಕ್ಷೆ

ಮುಖ್ಯ ಅಳತೆ ಒಂದೇ ಸಾಕು: ನಿರ್ಧರಿಸಬಹುದಾದ ಪರೀಕ್ಷೆಗಳಲ್ಲಿ ಕಾರಣವಿಲ್ಲದವುಗಳ ಪಾಲು, ಪ್ರತಿ ಮಾರ್ಕರ್‌ಗೂ ಬೇರೆ ಬೇರೆಯಾಗಿ. ನಿರ್ಧರಿಸಲಾಗದವುಗಳ ಪಾಲನ್ನೂ ಪಕ್ಕದಲ್ಲೇ ತೋರಿಸಿ. ಜೊತೆಗೆ ಅವಧಿಗೆ ಮೊದಲೇ ಮಾಡಿದ ಮರುಪರೀಕ್ಷೆಗಳು, ಮತ್ತು ಕಾರಣವಿಲ್ಲದ ಪರೀಕ್ಷೆ ಅಸಹಜವೆಂದು ಬಂದ ಬಳಿಕ 90 ದಿನಗಳಲ್ಲಿ ನಡೆದ ಸ್ಕ್ಯಾನ್, ಎಂಡೋಸ್ಕೋಪಿ, ಶಸ್ತ್ರಚಿಕಿತ್ಸೆಗಳ ಎಣಿಕೆ ಇರಲಿ. ರೋಗಿಗೆ ಆಗುವ ಹಾನಿ ಈ ಕೊನೆಯ ಎಣಿಕೆಯಲ್ಲೇ ಕಾಣುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಅಳತೆಯೊಂದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಸಿಇಎ ಸಮಯಕ್ಕೆ ಸರಿಯಾಗಿ ಆಗಿದೆ, ವೃಷಣದ ಗೆಡ್ಡೆಯವರಲ್ಲಿ ಎಷ್ಟು ಮಂದಿಗೆ ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಮೂರೂ ಆಗಿವೆ ಎಂಬುದನ್ನೂ ನೋಡುತ್ತಿರಬೇಕು. ಬೇಡದ್ದನ್ನು ಕತ್ತರಿಸುವ ಭರದಲ್ಲಿ ಬೇಕಾದುದೂ ಇಳಿದರೆ ಅದು ಸುಧಾರಣೆಯಲ್ಲ.

ತಿಂಗಳ ಅಂಕಿಗಳನ್ನು ನಿಯಂತ್ರಣ ನಕ್ಷೆಯ (ಸರಾಸರಿಯ ಸುತ್ತ ಆಕಸ್ಮಿಕ ಏರಿಳಿತದ ಮಿತಿಗಳನ್ನು ತೋರಿಸುವ ನಕ್ಷೆ) ಮೇಲೆ ಹಾಕಿ. ಸರಾಸರಿ ಪಾಲು ಶೇ. 30 ಆಗಿದ್ದು ತಿಂಗಳಿಗೆ 400 ಪರೀಕ್ಷೆಗಳಿದ್ದರೆ, ಬರಿಯ ಆಕಸ್ಮಿಕದಿಂದಲೇ ಅದು ಶೇ. 23ರಿಂದ 37ರವರೆಗೆ ಏರಿಳಿಯಬಹುದು. ಶೇ. 30ರಿಂದ 33ಕ್ಕೆ ಏರಿತೆಂದು ಸಭೆ ಕರೆಯುವ ಅಗತ್ಯವಿಲ್ಲ. ಇದೇ ಲೆಕ್ಕವನ್ನು 25 ಪರೀಕ್ಷೆ ಬರೆದ ಒಬ್ಬ ವೈದ್ಯರಿಗೆ ಹಾಕಿದರೆ ವ್ಯಾಪ್ತಿ ಶೇ. 3ರಿಂದ 57ರವರೆಗೆ ಹರಡುತ್ತದೆ. ಅಷ್ಟು ಸಣ್ಣ ಸಂಖ್ಯೆಯಿಂದ ವೈದ್ಯರಿಗೆ ಶ್ರೇಯಾಂಕ ಕೊಡುವುದು ಗಣಿತದ ದೃಷ್ಟಿಯಿಂದಲೇ ತಪ್ಪು.

ಆರನೆಯ ಹೆಜ್ಜೆ: ಬದಲಾವಣೆ ತರುವುದು

ಮೊದಲು ಪ್ಯಾಕೇಜುಗಳನ್ನು ನೋಡಿ. ಮೊದಲೇ ಟಿಕ್ ಆಗಿರುವ ಮಾರ್ಕರ್‌ಗಳನ್ನು ಪಟ್ಟಿಯಿಂದ ತೆಗೆದರೆ ಯಾರಿಗೂ ಎಚ್ಚರಿಕೆ ತೋರಿಸಬೇಕಾಗಿಲ್ಲ, ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ. ಎರಡನೆಯದು, ಆರ್ಡರ್ ಮಾಡುವಾಗ ಕಾರಣವನ್ನು ಸಣ್ಣ ಪಟ್ಟಿಯಿಂದ ಆರಿಸುವ ವ್ಯವಸ್ಥೆ. ಇದರಿಂದ ಮೂರನೆಯ ಹೆಜ್ಜೆಯ ಕಷ್ಟವೂ ಮುಂದಿನ ವರ್ಷಕ್ಕೆ ಹಗುರವಾಗುತ್ತದೆ. ಪರದೆಯ ಮೇಲೆ ಹಾರಿಬರುವ ಎಚ್ಚರಿಕೆಗಳನ್ನು ಕೊನೆಗಿಡಿ, ಏಕೆಂದರೆ ದಿನಕ್ಕೆ ಹತ್ತಾರು ಎಚ್ಚರಿಕೆ ನೋಡುವ ವೈದ್ಯರು ಓದದೆಯೇ ಮುಚ್ಚುತ್ತಾರೆ. ಹಾಕಲೇಬೇಕಾದರೆ ಮೊದಲ ಒಂದೆರಡು ತಿಂಗಳು ಯಾರಿಗೂ ಕಾಣದಂತೆ ಹಿನ್ನೆಲೆಯಲ್ಲಿ ಓಡಿಸಿ, ಎಷ್ಟು ಬಾರಿ ತಪ್ಪಾಗಿ ಮೊಳಗುತ್ತಿತ್ತು ಎಂಬುದನ್ನು ನೋಡಿದ ಮೇಲೆ ನಿರ್ಧರಿಸಿ. ಯಾವ ತಡೆಯನ್ನೂ ದಾಟಲಾಗದಂತೆ ಇಡಬೇಡಿ. ಕಾರಣ ಬರೆದು ಮುಂದುವರಿಯುವ ದಾರಿ ಇರಲಿ.

ವೈದ್ಯರಿಗೆ ಅಂಕಿ ತಲುಪಿಸುವಾಗ ವಿಭಾಗದ ಮಟ್ಟದ ಪಾಲಿನ ಜೊತೆಗೆ ಗುರುತು ತೆಗೆದ ಎರಡು ಮೂರು ಕಡತಗಳ ಕಾಲರೇಖೆಯನ್ನೂ ತೋರಿಸಿ. ಮೇಲಿನ ಮಾರ್ಚ್ 3ರ ದಾಖಲೆಯಂಥದ್ದು ಹುಟ್ಟಿಸುವ ಚರ್ಚೆಯನ್ನು ಯಾವ ಶೇಕಡಾವಾರು ಪಟ್ಟಿಯೂ ಹುಟ್ಟಿಸಲಾರದು. ಈ ವರದಿಗಳು ಶಿಸ್ತುಕ್ರಮಕ್ಕೆ ಬಳಕೆಯಾಗುವುದಿಲ್ಲ ಎಂಬುದನ್ನು ಆಡಳಿತದಿಂದ ಮೊದಲೇ ಲಿಖಿತವಾಗಿ ಪಡೆಯಿರಿ. ದಂಡನೆಯ ಭಯ ಬಂದರೆ ಕಾರಣದ ಸಂಕೇತಗಳು ಸುಧಾರಿಸುತ್ತವೆ, ಬಳಕೆ ಹಾಗೆಯೇ ಉಳಿಯುತ್ತದೆ. ರೋಗಿಗಳ ಗೋಪ್ಯತೆಗಾಗಿ, ಒಂದು ಗುಂಪಿನಲ್ಲಿ ತೀರಾ ಕಡಿಮೆ ಜನರಿದ್ದಾಗ ಆ ಅಂಕಿಯನ್ನು ಹೊರಗೆ ತೋರಿಸಬೇಡಿ.

ನಿಯಮಗಳಿಗೆ ದಿನಾಂಕ ಹಾಕುವುದು

ಮಾರ್ಗಸೂಚಿಗಳು ಬದಲಾಗುತ್ತವೆ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2012ರಲ್ಲಿ ಪಿಎಸ್‌ಎ ಆಧಾರಿತ ತಪಾಸಣೆ ಯಾವ ವಯಸ್ಸಿನ ಪುರುಷರಿಗೂ ಬೇಡವೆಂದಿತು. 2018ರಲ್ಲಿ 55ರಿಂದ 69 ವರ್ಷದವರು ಲಾಭ-ಹಾನಿಗಳನ್ನು ವೈದ್ಯರೊಂದಿಗೆ ಚರ್ಚಿಸಿ ತಾವೇ ನಿರ್ಧರಿಸಲಿ ಎಂದು ಬದಲಿಸಿತು, 70 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಬೇಡವೆಂಬುದನ್ನು ಉಳಿಸಿಕೊಂಡಿತು. ಆದ್ದರಿಂದ ನಿಯಮಗಳ ಕೋಷ್ಟಕದಲ್ಲಿ ಪ್ರತಿ ನಿಯಮಕ್ಕೂ ಜಾರಿಯಾದ ದಿನಾಂಕ ಮತ್ತು ಮುಗಿದ ದಿನಾಂಕ ಎಂಬ ಎರಡು ಕಾಲಂಗಳಿರಬೇಕು. ಈ ಮಾರ್ಗಸೂಚಿಯನ್ನು ಅನುಸರಿಸುವ ತಂಡವು 60 ವರ್ಷದ ಪುರುಷರಿಗೆ 2016ರಲ್ಲಿ ಮಾಡಿದ ತಪಾಸಣಾ ಪಿಎಸ್‌ಎಯನ್ನು 2012ರ ಸಾಲಿನಿಂದ, 2019ರಲ್ಲಿ ಮಾಡಿದ್ದನ್ನು 2018ರ ಸಾಲಿನಿಂದ ಅಳೆಯಬೇಕು. ಎರಡನೆಯದರಲ್ಲಿ ಚರ್ಚೆ ನಡೆದ ಟಿಪ್ಪಣಿ ಕಡತದಲ್ಲಿ ಇಲ್ಲದಿದ್ದರೆ ಆ ಪರೀಕ್ಷೆ 'ನಿರ್ಧರಿಸಲಾಗದು' ಬುಟ್ಟಿಗೆ ಹೋಗಲಿ.